ರಮಜಾನಬಿಯ ಗಂಡ ಪ್ರಿಆಂಪು ಆರಿಸಿದ್ದು

ಸವಣೂರಿನ ರಮಜಾನಬಿಗೆ ಸಿಟ್ಟು ಬಂದರೆ ಬಾಯಿಗಿಂತ ಮೊದಲು ಸೂಜಿ ಹೇಳುತ್ತದೆ. ಹಳೆಯ ಅರಿವೆ ಜೋಡಿಸಿ ಕೌದಿ ಹೊಲಿಯುವ ಕೈ ಅವಳದು. ಮನಸ್ಸು ಸಮ ಇದ್ದಾಗ ಹೊಲಿಗೆ ಕೂರಿಗೆ ಸಾಲಿನಂತೆ ನೆಟ್ಟಗೆ ಓಡುತ್ತದೆ. ಸಿಟ್ಟಿನಲ್ಲಿದ್ದಾಗ ದಾರ ಬಿಗಿದು ಬಟ್ಟೆಯೆಲ್ಲ ಮುದುಡುತ್ತದೆ. ಈ ವರ್ಷ ಅವಳು ಹಿಡಿದ ದೊಡ್ಡ ಕೌದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಮುದುಡಿದ್ದೇ. ಕಾರಣ ಮಗ್ಗುಲ ಮನೆಯವರಲ್ಲ, ಬೀಗರೂ ಅಲ್ಲ, ಒಂದು ಡಬ್ಬಿ. ಆ ಡಬ್ಬಿಗೆ ಪ್ರಿಆಂಪ್ಲಿಫಾಯರ್ ಎಂದು ಹೆಸರು. ಅವಳ ಗಂಡ ಬಂದೇಸಾಬ ಅದನ್ನು ಆರಿಸಲಿಕ್ಕೆ ಕೂತದ್ದು ಯುಗಾದಿಗೂ ಮುಂಚೆ. ದೀಪಾವಳಿ ಹತ್ತಿರ ಬಂದರೂ ಆರಿಸಿ ಮುಗಿದಿರಲಿಲ್ಲ. ಕನ್ಯೆ ನೋಡುವವರು ಕೂಡ ಇಷ್ಟು ಮನೆ ತಿರುಗಿ ಇಷ್ಟು ಚಹಾ ಕುಡಿಯುವುದಿಲ್ಲ.

ಬಂದೇಸಾಬ ಅಂದರೆ ಮೈಕ್‌ಸೆಟ್ಟಿನ ಬಂದೇಸಾಬ. ಅವನಪ್ಪ ಪೀರಸಾಬ ಅರಳೆ ಹಿಂಜಿ ಗಾದಿ ಮಾಡಿಕೊಡುತ್ತಿದ್ದ. ಹಿಂಜುವ ಬಿಲ್ಲಿನ ಟಂವ್ ಟಂವ್ ಕೇಳುತ್ತ ಬೆಳೆದ ಮಗ ಅರಳೆ ಬಿಟ್ಟು ಮೈಕಿಗೆ ಬಿದ್ದ. ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರು, ಯಾವ ಕಡೆಯ ಮದುವೆಯೇ ಇರಲಿ, ಉರುಸೇ ಇರಲಿ, ಕುಸ್ತಿಯೇ ಇರಲಿ, ಗಿಡ ಹತ್ತಿ ಹಾರ್ನು ಕಟ್ಟಿದವನು ಅವನೇ. ಅವನದೊಂದು ಪದ್ಧತಿ ಇತ್ತು. ಹಾರ್ನು ಕಟ್ಟಿ, ರೆಕಾರ್ಡು ಹಚ್ಚಿ, ಚಪ್ಪಲಿ ಮೆಟ್ಟಿಕೊಂಡು ಊರ ಹೊರಗೆ ನಡೆಯುತ್ತಿದ್ದ. ಹಾಡಿನ ಮಾತು ತಿಳಿಯದಾಗುವ ಜಾಗ ಬಂದಾಗ ನಿಂತು ಹಿಂದೆ ನೋಡುತ್ತಿದ್ದ. ಅದು ಹಳ್ಳದ ಆಚೆಗಿದ್ದರೆ ಸರಿ. ಈಚೆಗಿದ್ದರೆ ಮರಳಿ ಬಂದು ಗಿಡ ಹತ್ತಿ ಹಾರ್ನಿನ ಮುಖ ತಿರುವುತ್ತಿದ್ದ. ಬಂದೇಸಾಬನ ಮೈಕು ದುಂಡಸಿಯಲ್ಲಿ ಹಾಡಿದರೆ ಮುಂದಿನೂರಿನ ಎಮ್ಮೆ ಕಿವಿ ನಿಮಿರಿಸುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಅವನು ಅದನ್ನು ಬಿರುದಿನ ಹಾಗೆ ಹೊತ್ತುಕೊಂಡು ತಿರುಗಿದ.

ರಮಜಾನಬಿಯ ತವರು ಹಿರೇಬೆಂಡಿಗೇರಿ. ಅವಳ ಮದುವೆಗೆ ಬೇರೆಯವರ ಮೈಕು ತರಿಸುವುದುಂಟೇ? ಮದುಮಗ ತನ್ನದನ್ನೇ ಹೇರಿಕೊಂಡು ಬಂದಿದ್ದ. ನಿಕಾಹ್ ಸುಸೂತ್ರ ಆಯಿತು. ಆಮೇಲೆ ಜಲ್ವಾ. ಮದುಮಗ, ಮದುಮಗಳು ಇಬ್ಬರ ತಲೆಯ ಮೇಲೂ ಒಂದೇ ಕೆಂಪು ಸೆರಗು ಹೊದಿಸಿ, ನಡುವೆ ಕನ್ನಡಿ ಇಟ್ಟು, ಆ ಕನ್ನಡಿಯಲ್ಲಿ ಅವನು ಅವಳ ಮುಖವನ್ನು ಮೊದಲ ಸಲ ನೋಡುವ ಶಾಸ್ತ್ರ. ಸುತ್ತ ಹೆಂಗಸರು ಮುತ್ತಿಕೊಂಡಿದ್ದರು. ಹೊರಗೆ ಗಿಡದ ಮೇಲಿನ ಹಾರ್ನಿನಲ್ಲಿ ಒಂದು ಕವ್ವಾಲಿ ನಡೆದಿತ್ತು. ಅವನು ಕಣ್ಣು ಕನ್ನಡಿಯತ್ತ ಇಳಿಸಬೇಕು, ಅಷ್ಟರಲ್ಲಿ ಹೊರಗೆ ಹಾಡು ಗಕ್ಕನೆ ನಿಂತಿತು. ಬ್ಯಾಟರಿಯ ವೈರು ಕಳಚಿತ್ತು. ಮದುಮಗ ಸೆರಗು ಕಿತ್ತೊಗೆದು ಎದ್ದವನೇ ಓಡಿದ. ಕನ್ನಡಿಯಲ್ಲಿ ರಮಜಾನಬಿಗೆ ಕಂಡದ್ದು ತನ್ನೊಬ್ಬಳದೇ ಮುಖ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿರೇಬೆಂಡಿಗೇರಿಯಲ್ಲಿ ಇವತ್ತಿಗೂ ಅವಳಿಗೆ ಅಂಪ್ಲಿಫಾಯರಿನ ಸವತಿ ಎಂದೇ ಹೆಸರು, ತವರಿಗೆ ಹೋದಾಗಲೆಲ್ಲ ಯಾರಾದರೊಬ್ಬಳು ಸವತಿ ಚಂದ ಇದ್ದಾಳಾ ಎಂದು ಕೇಳದೆ ಬಿಡುವುದಿಲ್ಲ.

ಅವತ್ತಿನ ಸಿಟ್ಟು ಅವತ್ತಿಗೇ ಮುಗಿದಿದ್ದರೆ ಮಾತು ಬೇರೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹೇಳಿದವರ ಮನೆಯಲ್ಲಿ ಮೈಕ್‌ಸೆಟ್ಟು ಇರಲಿಲ್ಲ. ಲಗ್ನಸರಾಯಿ, ಮದುವೆಗಳ ಹಂಗಾಮು, ಬಂತೆಂದರೆ ಬಂದೇಸಾಬ ಮನೆಗೆ ಬರುತ್ತಿದ್ದದ್ದು ಬಟ್ಟೆ ಬದಲಿಸಲಿಕ್ಕೆ. ಬೀಗರ ಮದುವೆ, ತಂಗಿಯ ಮದುವೆ, ಕೊನೆಗೆ ಮಗಳು ಸುಹಾನಾಳ ಮದುವೆಯಲ್ಲೂ ಅವನು ಪೆಂಡಾಲಿನ ಹಿಂದೆ ಮಿಷನ್ನಿನ ಪಕ್ಕದಲ್ಲೇ ಇದ್ದ. ಪಂಕ್ತಿಯಲ್ಲಿ ರಮಜಾನಬಿಯ ಮಗ್ಗುಲ ಜಾಗ ಯಾವತ್ತೂ ಖಾಲಿ. ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಅವಳು ಅಂದರೆ ಅವನು ನಗುತ್ತಿದ್ದ. ಮನೆಯ ನಡುಮನೆ ಎನ್ನುವುದು ಹಾರ್ನು, ವೈರಿನ ಸುರುಳಿ, ಬ್ಯಾಟರಿಗಳ ಗೋದಾಮು. ಕೌದಿ ಹಾಸಲಿಕ್ಕೆ ಜಾಗವಿಲ್ಲದೆ ಅವಳು ಹಿತ್ತಲಲ್ಲಿ ಕೂತು ಹೊಲಿಯುತ್ತಿದ್ದಳು. ಅವನು ರಿಪೇರಿ ಮಾಡಿದ ಮೇಲೆ ಆ ಜಲ್ವಾದ ಕವ್ವಾಲಿಯನ್ನೇ ಹಚ್ಚಿ ನೋಡುತ್ತಿದ್ದ, ಅದರಲ್ಲಿ ತಬಲಾ ಚಲೋ ಬಂದಿದೆ ಎಂದು. ಅದು ಶುರುವಾದರೆ ಸಾಕು, ಅವಳು ಕೊಡ ಎತ್ತಿಕೊಂಡು ನೀರಿಗೆ ಹೊರಡುತ್ತಿದ್ದಳು. ನೀರು ಮನೆಯಲ್ಲೇ ಇದ್ದರೂ ಹೊರಡುತ್ತಿದ್ದಳು.

ಆಮೇಲೆ ಡೀಜೆ ಬಂತು. ಆಳೆತ್ತರದ ಡಬ್ಬಿಗಳನ್ನು ಟ್ರ್ಯಾಕ್ಟರಿನಲ್ಲಿ ಪೇರಿಸಿಕೊಂಡು ಎದೆ ಗುದ್ದುವ ಸದ್ದು. ಹಾರ್ನನ್ನು ಕೇಳುವವರಿಲ್ಲದಾದರು. ಬಂದೇಸಾಬ ಒಂದು ವರ್ಷ ಬೈದ, ಒಂದು ವರ್ಷ ಸುಮ್ಮನಿದ್ದ, ಆಮೇಲೆ ರೆಕಾರ್ಡುಗಳನ್ನು ಬಿಟ್ಟು ಎಲ್ಲವನ್ನೂ ಮಾರಿಬಿಟ್ಟ. ನಡುಮನೆ ಖಾಲಿಯಾದ ದಿನ ಅವಳು ನೆಲ ತೊಳೆದು, ಅಂಚಿನಿಂದ ಅಂಚಿಗೆ ಕೌದಿ ಹಾಸಿ ಹೊಲಿಗೆಗೆ ಕೂತಳು. ಅವನು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದ. ಆಮೇಲೆ ತನ್ನ ಜೀವಮಾನದಲ್ಲಿ ಆಡದ ಮಾತೊಂದನ್ನು ಆಡಿದ.

"ಮಂದಿಗೆಲ್ಲಾ ಹಾಡ ಕೇಳ್ಸಿದ್ನಿ, ನಾ ಒಂದ್ ದಿನಾನೂ ಕುಂತು ಕೇಳಲಿಲ್ಲ ನೋಡು. ಈಗ ಮನಿಯೊಳಗ ಒಂದು ಚಲೋ ಸೆಟ್ ಇಡ್ತೇನಿ. ಇಬ್ರೂ ಕುರ್ಚಿ ಹಾಕ್ಕೊಂಡು ಕುಂತು ಕೇಳೂಣು."

ರಮಜಾನಬಿ ತಲೆ ಎತ್ತಲಿಲ್ಲ. ಆದರೆ ಆ ಸಾಲಿನ ಹೊಲಿಗೆ ಬಹಳ ನೆಟ್ಟಗೆ ಬಂತು. ನಡುಮನೆಯ ಒಂದು ಗೋಡೆ ಅವನಿಗೆ ಬಿಟ್ಟುಕೊಟ್ಟಳು. ಒಪ್ಪಿದ್ದು ಹಾಡಿಗಲ್ಲ, ಆ ಎರಡನೇ ಕುರ್ಚಿಗೆ. ನಂಬಿದ್ದು ತನ್ನದೇ ತಪ್ಪು ಎಂದು ಆಮೇಲೆ ಎಷ್ಟು ಸಲ ಹಲ್ಲು ಕಡಿದಳೋ.

ಸಾಮಾನು ಬಂತು. ಹೊಸ ರೆಕಾರ್ಡು ಪ್ಲೇಯರು, ಶಕ್ತಿ ಕೊಡುವ ಒಂದು ಭಾರದ ಅಂಪ್ಲಿಫಾಯರು, ಎರಡು ಸ್ಪೀಕರಿನ ಪೆಟ್ಟಿಗೆ. ಬಂದೇಸಾಬ ಪ್ಲೇಯರಿನ ವೈರನ್ನು ನೇರ ಅಂಪ್ಲಿಫಾಯರಿಗೆ ಚುಚ್ಚಿ ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದ. ಹಾಡು ಬಂತು, ಆದರೆ ಸೊಳ್ಳೆ ಹಾಡಿದ ಹಾಗೆ. ಪ್ಲೇಯರು ಖೋಟಾ ಮಾಲು ಎಂದು ಅವನು ಅಂಗಡಿಯವನಿಗೆ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದ. ಶಿಗ್ಗಾಂವಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಅಳಿಯ ಅತೀಕ ಬಂದು ನೋಡಿ ನಿಧಾನಕ್ಕೆ ತಿಳಿಸಿದ. ಮೈಕ್‌ಸೆಟ್ಟಿನ ಹಳೆಯ ಮುಳ್ಳಿಗೆ ಗಟ್ಟಿ ದನಿ ಇರುತ್ತಿತ್ತು, ನೇರ ಚುಚ್ಚಿದರೂ ನಡೆಯುತ್ತಿತ್ತು. ಈ ಹೊಸ ಮುಳ್ಳಿನದು ಕೂಸಿನ ದನಿ. ಅದನ್ನು ಎತ್ತಿ ಹಿಡಿದು, ಕಡಿಮೆ ಬಿದ್ದ ದಪ್ಪ ಸ್ವರ ತುಂಬಿ ಮುಂದೆ ದಾಟಿಸಲಿಕ್ಕೆ ನಡುವೆ ಇನ್ನೊಂದು ಡಬ್ಬಿ ಬೇಕು, ಅದೇ ಪ್ರಿಆಂಪು. ಬಂದೇಸಾಬನ ಮುಖ ಕೆಂಪಗಾಯಿತು. ಹುಟ್ಟಾ ಮೈಕಿನವನಿಗೆ ಮೊಬೈಲಿನವನು ವೈರು ಚುಚ್ಚುವುದನ್ನು ಕಲಿಸುವುದೇ? ಅಳಿಯ ಹೋಗುವ ತನಕ ತಡೆದುಕೊಂಡು, ಆಮೇಲೆ ಆ ಸಿಟ್ಟನ್ನು ರಮಜಾನಬಿಯ ಸಾರಿನ ಮೇಲೆ ತೀರಿಸಿದ. ಉಪ್ಪು ಸರಿಯಾಗಿಯೇ ಇತ್ತು.

ಮೊದಲು ಅಗ್ಗದ್ದೊಂದು ತಂದ. ಹಾಡಿಗಿಂತ ಮೊದಲು ಗುಂಯ್ ಎಂದು ಕಿವಿಯೊಳಗೆ ಭ್ರಮರ ಹೊಕ್ಕ ಹಾಗೆ ಕೇಳುತ್ತಿತ್ತು. ತುಟ್ಟಿಯದನ್ನು ಅತೀಕ ಫೋನಿನಲ್ಲಿ ತೋರಿಸಿದ. ಅದರ ಬೆಲೆ ಕೇಳಿ ರಮಜಾನಬಿ ಕಿವಿಯ ಬೆಂಡೋಲೆ ಮುಟ್ಟಿ ನೋಡಿಕೊಂಡಳು. ಕೊನೆಗೆ ನಡುವಿನ ದರದ್ದನ್ನೇ ಆರಿಸುವುದು ಎಂದು ಠರಾವಾಯಿತು. ಕೇಡು ಶುರುವಾದದ್ದೇ ಅಲ್ಲಿಂದ. ಅಗ್ಗದ್ದರಲ್ಲಿ ಆರಿಸಲಿಕ್ಕೆ ಏನೂ ಇರುವುದಿಲ್ಲ, ತುಟ್ಟಿಯದರಲ್ಲಿ ಬೇಡ ಅನ್ನಲಿಕ್ಕೆ ಏನೂ ಇರುವುದಿಲ್ಲ. ನಡುವಿನದರಲ್ಲಿ ಒಂದಕ್ಕೆ ಇದ್ದದ್ದು ಇನ್ನೊಂದಕ್ಕಿಲ್ಲ, ಬಂದೇಸಾಬನಂಥವನಿಗೆ ಹೊತ್ತು ಕಳೆಯಲಿಕ್ಕೆ ಅದಕ್ಕಿಂತ ಸುಖ ಬೇರೆ ಬೇಕೇ?

ನಡುವಿನ ದರದವುಗಳಲ್ಲಿ ಮೊದಲನೆಯದು ಅತೀಕ ತರಿಸಿಕೊಟ್ಟದ್ದು. ನೀಲಿ ದೀಪ, ರಿಮೋಟು, ಫೋನಿನಿಂದ ಗಾಳಿಯಲ್ಲೇ ಹಾಡು ಹಿಡಿಯುವ ಸೌಕರ್ಯ, ಎಲ್ಲ ಇತ್ತು. ಬಂದೇಸಾಬ ರೆಕಾರ್ಡು ಹಚ್ಚಿದ. ರಮಜಾನಬಿ ಕೌದಿ ಮಗ್ಗುಲಿಗೆ ಸರಿಸಿ, ಇನ್ನೇನು ಇವನೂ ಕೂಡುತ್ತಾನೆ ಎಂದು ನೋಡಿದಳು. ಬಂದೇಸಾಬ ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದ.

ಓಣಿಯ ತುದಿಯಲ್ಲಿ ಒಂದು ಬೇವಿನ ಗಿಡ ಇದೆ. ಅದರ ಬುಡದಲ್ಲಿ ನಿಂತು, ಕೈ ಹಿಂದೆ ಕಟ್ಟಿಕೊಂಡು, ಮನೆಯ ಕಡೆಗೆ ಒಂದು ಕಿವಿ ತಿರುವಿದ. ಎಲಿಬಳ್ಳಿ ತೋಟದಿಂದ ವೀಳ್ಯದೆಲೆಯ ಪೆಂಡಿ ಹೊತ್ತು ಬರುತ್ತಿದ್ದ ಮೆಹಬೂಬನನ್ನು ತಡೆದು, ಕೇಳ್ತೈತೇನು ಎಂದು ಕೇಳಿದ. ಏನು ಕೇಳೂದು ಎಂದ ಮೆಹಬೂಬ. ಬಂದೇಸಾಬ ತಲೆ ಅಲ್ಲಾಡಿಸುತ್ತ ಮರಳಿ ಬಂದು, ದಮ್ಮಿಲ್ಲ, ಗಿಡದ ತನಕ ಸೈತ ಬರುವುದಿಲ್ಲ ಎಂದು ಡಬ್ಬಿಯನ್ನು ಅದರ ರಟ್ಟಿನ ಪೆಟ್ಟಿಗೆಗೆ ತುಂಬಿದ. ಮನೆಯೊಳಗೆ ಕೇಳುವ ಸೆಟ್ಟನ್ನು ಬೀದಿಯಲ್ಲಿ ನಿಂತು ತೂಗುವ ಗಂಡಸು ಸವಣೂರಿನಲ್ಲಿ ಬಿಟ್ಟರೆ ಬೇರೆಲ್ಲಿ ಹುಟ್ಟುತ್ತಾನೋ ಕಾಣೆ. ರಮಜಾನಬಿಗೆ ಮೈ ಉರಿಯಿತು. ಡಬ್ಬಿ ಹೋದದ್ದಕ್ಕಲ್ಲ, ಅದರ ದನಿ ಅವಳಿಗೂ ಸೇರಿರಲಿಲ್ಲ. ಹಾಡುವವ ಬಕೆಟ್ಟಿನಲ್ಲಿ ತಲೆ ಇಟ್ಟು ಹಾಡಿದ ಹಾಗೆ ಇತ್ತು. ಆದರೆ ಅದನ್ನು ಅವನು ಕೇಳಿದ್ದು ಎಲೆ ಹೊರುವ ಮೆಹಬೂಬನನ್ನು. ಒಳಗೆ ಕೂತಿದ್ದವಳನ್ನಲ್ಲ.

ಎರಡನೆಯದು ಹುಬ್ಬಳ್ಳಿಯದು. ಅಲ್ಲಿನ ಅಂಗಡಿಯವನು ದೊಡ್ಡ ಮನುಷ್ಯ. ದಪ್ಪ ಸ್ವರಕ್ಕೊಂದು ಸಣ್ಣ ಸ್ವರಕ್ಕೊಂದು ಗುಂಡಿ ಎಲ್ಲಿದೆ ಎಂದು ಬಂದೇಸಾಬ ಕೇಳಿದಾಗ, ಚಲೋ ಮಾಲಿಗೆ ಗುಂಡಿ ಇರುವುದಿಲ್ಲ, ಗುಂಡಿ ಬೇಕೆನ್ನುವವರು ಡೀಜೆಯವರು ಎಂದುಬಿಟ್ಟನಂತೆ. ಡೀಜೆ ಎಂಬ ಮಾತು ಬಂದೇಸಾಬನಿಗೆ ಬೈಗುಳಕ್ಕಿಂತ ಕಡೆ. ಅಂಗಡಿಯಲ್ಲೇ ಜಗಳ ಆಯಿತು. ಆದರೂ ಅತೀಕನ ಪರಿಚಯದ ಮೇಲೆ ನೋಡಲಿಕ್ಕೆಂದು ವಾರದ ಮಟ್ಟಿಗೆ ಮನೆಗೆ ಕೊಟ್ಟರು. ಕರಿಯ ಡಬ್ಬಿ, ಮುಂದೆ ಎರಡೇ ಗುಂಡಿ. ಒಂದು ಎಲ್ಲಿಂದ ಹಾಡು ಬರಬೇಕು ಎನ್ನುವುದಕ್ಕೆ, ಇನ್ನೊಂದು ಸದ್ದು ಏರಿಸಲಿಕ್ಕೆ, ಇಳಿಸಲಿಕ್ಕೆ.

ಅದನ್ನು ಹಚ್ಚಿದ ಮಧ್ಯಾಹ್ನ ರಮಜಾನಬಿ ನಡುಮನೆಯಲ್ಲೇ ಕೌದಿಯ ಮೇಲೆ ಕೂತಿದ್ದಳು. ಯಾವುದೋ ಹಳೆಯ ಗಜಲಿನ ರೆಕಾರ್ಡು. ಹಾಡುವವಳು ಶುರು ಮಾಡುವ ಮುಂಚೆ ಉಸಿರು ಎಳೆದುಕೊಂಡದ್ದು ಕೇಳಿಸಿತು. ರಮಜಾನಬಿ ಹಿಂತಿರುಗಿ ನೋಡಿದಳು, ಯಾರೋ ಮನೆಯೊಳಗೆ ಬಂದರು ಎಂದು. ತಬಲಾದ ಮೇಲೆ ಅಂಗೈ ಒತ್ತಿ ಜಾರಿದ್ದು, ಹಾರ್ಮೋನಿಯಂ ಪೇಟಿಯ ಗಾಳಿ ಹೊರಳಿದ್ದು, ಒಂದೊಂದೂ ಅದರದರ ಜಾಗದಲ್ಲಿ ಇತ್ತು. ಸೂಜಿ ಬಟ್ಟೆಯೊಳಗೆ ಅರ್ಧ ಹೊಕ್ಕು ಅಲ್ಲೇ ನಿಂತಿತು. ಹಾಡು ಎಂದರೆ ಗಿಡದ ಮೇಲಿನಿಂದ ಊರಿನ ತಲೆಗೆ ಸುರಿಯುವುದು ಎಂದೇ ಅವಳು ತಿಳಿದಿದ್ದಳು. ಒಬ್ಬಳು ಹೆಂಗಸು ಎದುರು ಕೂತು ತನಗಷ್ಟೇ ಹೇಳುವ ಹಾಗೆಯೂ ಇರುತ್ತದೆ ಎಂದು ಗೊತ್ತಿರಲಿಲ್ಲ. ಇದೇ, ಇದೇ ಇರಲಿ ಎಂದುಕೊಂಡಳು. ಸಂತೋಷವಾಯಿತು, ಖರೇನೇ ಸಂತೋಷವಾಯಿತು. ಹೇಳಬೇಕೆಂದು ಬಾಗಿಲ ಕಡೆ ನೋಡಿದರೆ ಗಂಡ ಬೇವಿನ ಗಿಡದ ಬುಡದಲ್ಲಿ ನಿಂತು ಹಾದು ಹೋಗುವವನೊಬ್ಬನನ್ನು ಏನೋ ಕೇಳುತ್ತಿದ್ದ.

ಮರಳಿ ಬಂದವನು ಇದೂ ಸತ್ತದ್ದೇ ಎಂದ. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಅವಳ ಕೌದಿಯನ್ನು ಕಾಲಿನಿಂದ ತುಸು ಸರಿಸಿ, ಇದೆಲ್ಲಾ ಅರಿವೆ ಸಪ್ಪಳ ನುಂಗಾಕತ್ತೈತಿ, ಇದನ್ನ ಹಿತ್ತಲಕ್ಕ ಒಯ್ಯಿ ಎಂದ. ರಮಜಾನಬಿಗೆ ಸಿಟ್ಟು ನೆತ್ತಿಗೇರಿತು. ಅವಳ ಅವ್ವನ ಸೀರೆ ಆ ಕೌದಿಯಲ್ಲಿತ್ತು, ಸುಹಾನಾಳ ಲಂಗ ಇತ್ತು, ಅವನ ಅಪ್ಪನ ಅಂಗಿ ಸೈತ ಇತ್ತು. ಹೊರಗೆ ನಿಂತ ಮನುಷ್ಯನಿಗೆ ಒಳಗಿನ ಕೌದಿ ಅಡ್ಡ ಬರುವುದು ಹೇಗೆ ಎಂದು ಕೇಳಿದಳು. ಅವನು ಬಗ್ಗಿ ವೈರು ಕೀಳತೊಡಗಿದ. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಅವಳೇ ಮುಗಿಸಿ, ಆ ದಿನ ರೊಟ್ಟಿ ಬಡಿಯಲಿಲ್ಲ. ಕರಿಯ ಡಬ್ಬಿ ಅತೀಕನ ಮೋಟರ್‌ಸೈಕಲ್ಲಿನ ಮೇಲೆ ಹುಬ್ಬಳ್ಳಿಗೆ ಮರಳಿತು.

ಮೂರನೆಯದು ಹಿರೇಕೆರೂರಿನಲ್ಲಿತ್ತು. ಹತ್ತಿ ವ್ಯಾಪಾರದ ಫಕ್ಕೀರೇಶನ ಮದುವೆಗೆ ಮೈಕು ಕಟ್ಟಿದ್ದವನು ಬಂದೇಸಾಬನೇ. ಅವರ ಮನೆಯಲ್ಲಿ ಹಳೆಯದೊಂದು ಪ್ರಿಆಂಪು ಇದೆ, ಗುಂಡಿ ಬೇಕಾದಷ್ಟಿವೆ, ಕೊಡುತ್ತಾರಂತೆ ಎಂದು ಸುದ್ದಿ ಬಂತು. ಈ ಸಲ ಬಂದೇಸಾಬ, ನೀನೂ ಬಾ ಎಂದ. ಎಂದೂ ಕರೆಯದವನು ಕರೆದದ್ದಕ್ಕೆ ಅವಳು ಹಬ್ಬದ ಸೀರೆ ಉಟ್ಟಳು. ಬಸ್ಸಿನಲ್ಲಿ ಕಿಡಕಿಯ ಸೀಟು ಬಿಟ್ಟುಕೊಟ್ಟ. ಬೇರೆಯವರ ಮನೆಯಲ್ಲಿ, ಅವರ ಸೋಫಾದ ಮೇಲೆ, ಮನುಷ್ಯರ ಹಾಗೆ ಪಕ್ಕಪಕ್ಕ ಕೂಡಲೇಬೇಕಲ್ಲ ಎಂದು ಅವಳ ಲೆಕ್ಕ.

ಫಕ್ಕೀರೇಶ ಬಾಗಿಲ ತನಕ ಬಂದು ಕರೆದುಕೊಂಡ. ಅವನ ಹೆಂಡತಿ ಮಂಜುಳಾ ಚಹಾ, ಚೂಡಾ ತಂದಿಟ್ಟಳು. ಫಕ್ಕೀರೇಶ ಹಾಡು ಹಚ್ಚಿದ. ಬಂದೇಸಾಬ ಚಹಾದ ಕಪ್ಪು ಕೆಳಗಿಟ್ಟು, ಒಂದ್ನಿಮಿಷ ಅಣ್ಣಾರ ಎಂದು ಎದ್ದವನು, ಕಾಂಪೌಂಡು ದಾಟಿ, ಹತ್ತಿ ಲಾರಿಗಳು ನಿಂತ ರಸ್ತೆಯ ಆಚೆ ಬದಿಗೆ ಹೋಗಿ ನಿಂತ. ಪರ ಊರಿನಲ್ಲಿ, ಪರರ ಮನೆಯ ಎದುರು, ಒಂದು ಕಿವಿ ಇತ್ತ ಮಾಡಿಕೊಂಡು! ಫಕ್ಕೀರೇಶ ಮರ್ಯಾದೆಗೆ ಅವನ ಹಿಂದೆ ಹೋದ. ನಿಮ್ಮ ಯಜಮಾನ್ರಿಗೆ ಆರಾಮ ಇಲ್ಲೇನ್ರಿ ಎಂದು ಮಂಜುಳಾ ಮೆಲ್ಲಗೆ ಕೇಳಿದಳು. ರಮಜಾನಬಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಆಮೇಲೆ ಮಂಜುಳಾ ಚೂಡಾದ ತಾಟು ಮುಂದೆ ಸರಿಸುತ್ತ, ಮಾತಿಗೆ ಮಾತು ಎಂಬಂತೆ ಕೇಳಿದಳು:

"ನಿಮಗ ಹೆಂಗ ಅನ್ನಸ್ತು ಅಕ್ಕಾರ, ಇದರ ಸೌಂಡು?"

ಇಷ್ಟು ತಿಂಗಳಲ್ಲಿ ಆ ಪ್ರಶ್ನೆಯನ್ನು ಅವಳಿಗೆ ಕೇಳಿದ ಮೊದಲ ಜೀವ ಅದು. ರಮಜಾನಬಿ ಚಹಾದ ಕಪ್ಪು ಕೆಳಗಿಟ್ಟಳು. ಗುಂಡಿ ತಿರುವಿದಾಗ ಕರಕರ ಅನ್ನುತ್ತದೆ, ದನಿ ಕೊಡದೊಳಗಿಂದ ಬಂದ ಹಾಗಿದೆ, ಹುಬ್ಬಳ್ಳಿಯದು ಹಾಗಿರಲಿಲ್ಲ, ಅದರಲ್ಲಿ ಹಾಡುವವಳ ಉಸಿರು ಕೇಳುತ್ತಿತ್ತು ಎಂದು ಒಂದೇ ದಮ್ಮಿಗೆ ಹೇಳಿದಳು. ಹಂಗಾರ ಅದನ್ನ ತಗೊಳ್ಳಾಕ ಹೇಳ್ರಿ ಎಂದಳು ಮಂಜುಳಾ. ಕೇಳಿದರೆ ಹೇಳುತ್ತಿದ್ದೆ ಎಂದಳು ರಮಜಾನಬಿ. ಹೇಳಿದ ಮೇಲೆ ಅವಳಿಗೆ ತನ್ನ ಮೇಲೂ ಸಿಟ್ಟು ಬಂತು. ಕೇಳಲಿ ಎಂದು ಕಾಯುತ್ತ ಕೂತವಳೂ ತಾನೇ ಅಲ್ಲವೇ?

ಬಸ್ಸಿನಲ್ಲಿ ಬಂದೇಸಾಬ ದಾರಿಯುದ್ದಕ್ಕೂ ಆ ಹಳೆಯ ಡಬ್ಬಿಯ ಸದ್ದು ಲಾರಿಯ ತನಕ ಬಂದದ್ದು, ಲಾರಿಯಿಂದ ಆಚೆ ಬಾರದ್ದು ಹೇಳುತ್ತ ಬಂದ. ಕಿಡಕಿಯ ಸೀಟಿನಲ್ಲಿ ಕೂತವಳು ಹೊರಗಿನ ಹತ್ತಿ ಹೊಲಗಳನ್ನು ಎಣಿಸುತ್ತ ಬಂದಳು.

ಮರುದಿನ ಅವಳು ಅಳಿಯನಿಗೆ ಫೋನು ಮಾಡಿದಳು. ಹುಬ್ಬಳ್ಳಿಯ ಕರಿಯ ಡಬ್ಬಿ, ಎರಡು ಗುಂಡಿಯದು, ಅದನ್ನೇ ತಂದು ಕೊಡು, ಈ ಸಲ ನೋಡಲಿಕ್ಕಲ್ಲ, ಇಟ್ಟುಕೊಳ್ಳಲಿಕ್ಕೆ ಎಂದಳು. ಅತೀಕ ತಡವರಿಸಿ, ಮಾಮಾ ಒಪ್ಪಂಗಿಲ್ಲ ಅತ್ತಿ ಎಂದ. ಮಾಮಾನ ಒಪ್ಪಿಗೆ ತಾನು ಕೇಳಿಲ್ಲ, ಅವರೂ ತನ್ನ ಒಪ್ಪಿಗೆ ಯಾವತ್ತೂ ಕೇಳಿಲ್ಲ, ಲೆಕ್ಕ ಸಮ ಆಯಿತು ಎಂದು ಫೋನು ಇಟ್ಟಳು. ಆ ಹೊತ್ತು ಸುಹಾನಾ ಗಂಡನ ಮಗ್ಗುಲಲ್ಲೇ ಇದ್ದಳಂತೆ. ಅವ್ವ ಈ ದನಿಯಲ್ಲಿ ಮಾತಾಡಿದರೆ ಸುಮ್ಮನೆ ಹುಬ್ಬಳ್ಳಿಯ ಬಸ್ಸು ಹತ್ತುವುದು ಚಲೋ ಎಂದು ಗಂಡನಿಗೆ ಹೇಳಿದಳಂತೆ.

ಶುಕ್ರವಾರ ನಮಾಜು ಮುಗಿಸಿ ಬಂದ ಬಂದೇಸಾಬನಿಗೆ ನಡುಮನೆಯಲ್ಲಿ ಕರಿಯ ಡಬ್ಬಿ ಕಂಡಿತು. ಯಾರು ತಂದರು ಎಂದ. ನಾ ತರಿಸೇನಿ ಎಂದಳು. ಅವನು ಬಾಯಿ ತೆರೆದ, ಅವಳ ಮುಖ ನೋಡಿ ಮುಚ್ಚಿದ. ಗೊಣಗುತ್ತಲೇ ವೈರು ಚುಚ್ಚಿದ. ಹೆಂಡತಿ ಇಷ್ಟು ಕೆಂಡವಾದದ್ದನ್ನು ನೋಡಿ ಸಮಾಧಾನ ಮಾಡಬೇಕು ಎಂದು ಅವನಿಗೂ ಅನಿಸಿರಬೇಕು. ಒಳಗಿನಿಂದ ಎರಡು ಕುರ್ಚಿ ತಂದು ಸ್ಪೀಕರುಗಳ ಎದುರು ಜೋಡಿಸಿ ಹಾಕಿದ. ಕಪಾಟಿನಿಂದ ಒಂದು ರೆಕಾರ್ಡು ತೆಗೆದು ಅಂಗಿಯ ಚುಂಗಿನಿಂದ ಒರೆಸಿದ. ಜಲ್ವಾದ ಕವ್ವಾಲಿ. ಅವಳಿಗೆ ಗುರುತು ಸಿಕ್ಕಿತು. ಕೊಡ ಎತ್ತಿಕೊಂಡು ಹೋಗಲಿಲ್ಲ, ಕುರ್ಚಿಯಲ್ಲಿ ಕೂತಳು.

ಅವನು ಮುಳ್ಳು ಇಳಿಸಿದ. ಹಾರ್ಮೋನಿಯಂ ಎದ್ದಿತು, ಚಪ್ಪಾಳೆ ಹತ್ತಿತು. ಮಗ್ಗುಲ ಕುರ್ಚಿ ಕಿರ್ ಅನ್ನುವುದನ್ನು ಅವಳು ಕಾದಳು. ಕಿರ್ ಅನ್ನಲಿಲ್ಲ. ಹೊರಗೆ ಚಪ್ಪಲಿಯ ಟಪ್ ಟಪ್ ಕೇಳಿಸಿತು. ತಿರುಗಿ ನೋಡಿದರೆ, ಕೈ ಹಿಂದೆ ಕಟ್ಟಿಕೊಂಡು, ಬೇವಿನ ಗಿಡದ ಕಡೆ ನಡೆದಿತ್ತು ಆ ಬೆನ್ನು.

ಆಗ ಬಂದ ಸಿಟ್ಟನ್ನು ಯಾವ ಸೂಜಿಯೂ ತಡೆಯುತ್ತಿರಲಿಲ್ಲ. ಇಷ್ಟು ವರ್ಷ ಪಂಕ್ತಿಯಲ್ಲಿ ಖಾಲಿ ಉಳಿದ ಜಾಗಗಳೆಲ್ಲ ಬಂದು ಆ ಒಂದು ಕುರ್ಚಿಯಲ್ಲಿ ಕೂತ ಹಾಗಾಯಿತು. ರಮಜಾನಬಿ ಎದ್ದು ಕರಿಯ ಡಬ್ಬಿಯ ಮುಂದೆ ನಿಂತಳು. ಹಾಡು ಮುಂದೆ ಬಂತು. ಅವಳಿಗೆ ಗೊತ್ತಿತ್ತು, ಮುಖ್ಯ ಹಾಡುಗಾರ ದನಿ ಏರಿಸಿ, ಏರಿಸಿ, ಒಂದು ಮಾತನ್ನು ಎರಡನೇ ಸಲ ಹಿಡಿಯುತ್ತಾನೆ, ಅಲ್ಲಿಗೆ ಹಿರೇಬೆಂಡಿಗೇರಿಯಲ್ಲಿ ವೈರು ಕಳಚಿತ್ತು. ಅವನು ಎರಡನೇ ಸಲ ಹಿಡಿದ. ಅವಳು ಸದ್ದಿನ ಗುಂಡಿಯನ್ನು ಇಳಿಸುವ ಕಡೆಗೆ ಕೊನೆಯ ತನಕ ತಿರುವಿಬಿಟ್ಟಳು. ಮನೆ ಸ್ತಬ್ಧವಾಯಿತು.

ಓಣಿಯಲ್ಲಿ ಚಪ್ಪಲಿಯ ಸದ್ದು ಓಡಿಕೊಂಡು ಬಂತು. ಬಂದೇಸಾಬ ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಕಾಲು ಬರಿದು, ಏದುಸಿರು ಬಿಡುತ್ತ ಒಳಗೆ ನುಗ್ಗಿದ. ನೋಡಿದ್ದು ಮೊದಲು ಮಿಷನ್ನನ್ನೇ. ಬಗ್ಗಿ ವೈರು ಮುಟ್ಟಹೋದ.

"ವೈರ್ ಚಲೋ ಅದಾವು," ಎಂದಳು ರಮಜಾನಬಿ. ಕೈ ಇನ್ನೂ ಗುಂಡಿಯ ಮೇಲಿತ್ತು. "ನಾ ಬಂದ್ ಮಾಡೇನಿ. ಅವತ್ತ ಇದ ಜಾಗಾದಾಗ ನಿಂತಿತ್ತು. ನನ್ನ ಮಾರಿ ನೋಡೂದ ಬಿಟ್ಟು ಓಡಿದ್ರಿ. ಆ ಹಾಡ ಮುಂದ ಏನೈತಿ ನನಗ ಇವತ್ತಿನ ತನಕ ಗೊತ್ತಿಲ್ಲ."

ಬಗ್ಗಿದವನು ಬಗ್ಗಿದಂತೆಯೇ ಉಳಿದ. ಆಮೇಲೆ ನೆಟ್ಟಗಾಗಿ ಅವಳನ್ನು ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು, ಅದು ಅಳುವ ನೀರಲ್ಲ ಎಂದು ಅವನಿಗೆ ತಿಳಿಯಿತು. ಮೈಕು ಹಿಡಿದವರ ಮಾತನ್ನು ಊರಿಗೆಲ್ಲ ಹಂಚಿದವನು ಅಲ್ಲಿ ಬಾಯಿ ಇಲ್ಲದವನಾದ.

ಬಾಗಿಲು ಹಾಕಿಕೊಂಡು ಬರ್ರಿ ಎಂದಳು. ಹೋಗಿ ಹಾಕಿದ. ಮೊದಲಿಂದ ಹಚ್ರಿ ಎಂದಳು. ಹಚ್ಚಿದ. ಕೂತ. ಕುರ್ಚಿ ಕಿರ್ ಅಂದಿತು. ಅವಳು ತನಗೆ ಬೇಕಾದಷ್ಟೇ ಸದ್ದು ತಿರುವಿ ಬಂದು ಮಗ್ಗುಲಲ್ಲಿ ಕೂತಳು. ಚಪ್ಪಾಳೆ ಹತ್ತುವಷ್ಟರಲ್ಲೇ ಅವನು ಚಡಪಡಿಸತೊಡಗಿದ. ಕಾಲು ಚಪ್ಪಲಿ ಹುಡುಕುತ್ತಿತ್ತು.

"ಸಪ್ಪಳ ಕಡಿಮಿ ಆತು," ಎಂದ. "ಇಷ್ಟಕ್ಕ ಗಿಡದ ತನಕ ಹೋಗಂಗಿಲ್ಲ."

"ಗಿಡ ನಿಮ್ಮನ್ನ ಮದುವಿ ಆಗಿಲ್ಲ. ನಾ ಆಗೇನಿ. ಸುಮ್ನ ಕುಂದರ್ರಿ."

ಕೂತ. ಮುಖ್ಯ ಹಾಡುಗಾರ ದನಿ ಏರಿಸಿದ. ಎರಡನೇ ಸಲ ಮಾತು ಹಿಡಿದ. ಆ ಜಾಗ ಬಂತು, ದಾಟಿತು, ಹಾಡು ಮುಂದೆ ಹೋಯಿತು. ರಮಜಾನಬಿ ಕೇಳುತ್ತಿದ್ದಳು. ಮುಂದೆ ಇದ್ದದ್ದು ಅಂಥ ದೊಡ್ಡದೇನಲ್ಲ, ಕಾಯುತ್ತ ಕೂತವಳೊಬ್ಬಳ ಮಾತು, ಎಲ್ಲ ಕವ್ವಾಲಿಯಲ್ಲೂ ಇರುವಂಥದ್ದು. ಇಷ್ಟಕ್ಕಾಗಿಯೇ ತಾನು ಇಷ್ಟು ವರ್ಷ ಕೊಡ ಹೊತ್ತು ತಿರುಗಿದ್ದೇ ಅನಿಸಿ ಮತ್ತೊಮ್ಮೆ ಸಿಟ್ಟು ಬಂತು. ಅಷ್ಟರಲ್ಲಿ ಬಂದೇಸಾಬ ಚಡಪಡಿಸುವುದನ್ನು ಬಿಟ್ಟು ಮುಂದಕ್ಕೆ ಬಾಗಿದ್ದ. ಹುಬ್ಬು ಗಂಟಿಕ್ಕಿತ್ತು.

"ಇದರಾಗ ಹಿಂದ ಇನ್ನೊಬ್ಬಂವ ಹಾಡಾಕತ್ತಾನಲ್ಲ," ಎಂದ ನಿಧಾನಕ್ಕೆ. "ಸಣ್ಣ ದನೀಲೆ. ಅಂವ ಯಾವಾಗ ಬಂದ?"

"ಮೊದಲಿಂದ ಅದಾನ," ಎಂದಳು ರಮಜಾನಬಿ.

ಈ ರೆಕಾರ್ಡನ್ನು ಬಂದೇಸಾಬ ಹಚ್ಚದ ಊರಿಲ್ಲ, ಕಟ್ಟಿ ಹಚ್ಚದ ಗಿಡವಿಲ್ಲ. ಆ ಸಣ್ಣ ದನಿ ಹಾರ್ನಿನಿಂದ ಹಳ್ಳದ ತನಕ ಒಂದು ದಿನವೂ ಬಂದಿರಲಿಲ್ಲ. ಅವನ ಕೈ ಕುರ್ಚಿಯ ತೋಳಿನ ಮೇಲೆ ಅವಳ ಕೈಯ ಹತ್ತಿರ ಬಂದು ನಿಂತಿತು. ಅವಳು ತನ್ನ ಕೈ ಹಿಂದಕ್ಕೆ ತೆಗೆಯಲಿಲ್ಲ, ಮುಂದಕ್ಕೂ ಚಾಚಲಿಲ್ಲ. ಹಾಡು ಮುಗಿದು ಮುಳ್ಳು ಸರಸರ ಸವರತೊಡಗಿದಾಗ, ಅವನು ಅರ್ಧ ಎದ್ದು ಅವಳನ್ನು ನೋಡಿದ, ಅಪ್ಪಣೆ ಕೇಳುವವನ ಹಾಗೆ.

"ಹೊಳ್ಳಿಸಿ ಹಾಕ್ರಿ," ಎಂದಳು. "ಹಾಕಿ ಇಲ್ಲೇ ಬಂದು ಕುಂದರ್ರಿ. ನನ್ನ ಸಿಟ್ಟು ಇನ್ನೂ ಇಳದಿಲ್ಲ."

ಬಂದೇಸಾಬ ರೆಕಾರ್ಡು ಹೊಳ್ಳಿಸಿ ಹಾಕಿದ. ಬಾಗಿಲ ಬಳಿ ಬಿದ್ದಿದ್ದ ಒಂಟಿ ಚಪ್ಪಲಿಯತ್ತ ನೋಡದೆ ಬಂದು ಅವಳ ಮಗ್ಗುಲಲ್ಲಿ ಕೂತ.